ಬೋರ್ ಹೊಡೆಸುವ ಮುಂಚೆ ಕೇಸಿಂಗ್ ಲೆಕ್ಕ

ಬೋರ್ ಹೊಡೆಸಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದೇ ಅಡಿಗೆ ಎಷ್ಟು ರೇಟು ಅಂತ. ಮುನ್ನೂರು ಅಡಿವರೆಗೆ ಒಂದು ರೇಟು, ಆಮೇಲೆ ನೂರು ಅಡಿಗೊಮ್ಮೆ ಏರಿಕೆ, ಕೇಸಿಂಗ್, ಅಂದರೆ ತೂತಿನ ಗೋಡೆ ಜರಿಯದಂತೆ ಇಳಿಸುವ ಪೈಪು, ಬೇರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಯಾವ ರಿಗ್ ಬರಬೇಕು ಅನ್ನುವುದು ಅದರಲ್ಲಿ ಬರುವುದೇ ಇಲ್ಲ. ಕೊರೆದ ತೂತಿನ ಗೋಡೆ ಎಷ್ಟು ಅಡಿಯಿಂದ ಕೆಳಗೆ ತಾನಾಗಿ ನಿಲ್ಲುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ಅದನ್ನು ತಿಳಿಯಲು ಸುತ್ತಲಿನ ನಾಲ್ಕೈದು ಬೋರ್‌ಗಳಿಗೆ ಎಷ್ಟು ಅಡಿ ಕೇಸಿಂಗ್ ಇಳಿದಿದೆ ಕೇಳಿ ನೋಡಿ. ನೀರಿನ ವಿಚಾರದಲ್ಲಿ ಜನ ಒಂದಕ್ಕೆ ಎರಡು ಸೇರಿಸುತ್ತಾರೆ. ಕೇಸಿಂಗ್ ವಿಚಾರದಲ್ಲಿ ಹಾಗಲ್ಲ, ಅದಕ್ಕೆ ಕೈಯಿಂದ ದುಡ್ಡು ಕೊಟ್ಟ ನೆನಪು ಹಾಗೇ ಉಳಿದಿರುತ್ತದೆ.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕೆಳಗಿರುವುದು ಹೆಚ್ಚಾಗಿ ಗ್ರಾನೈಟ್, ನೈಸ್ ಕಲ್ಲು. ಅಲ್ಲಿಗೆ ಡಿಟಿಎಚ್ (ಡೌನ್ ದಿ ಹೋಲ್, ತೂತಿನ ತಳದಲ್ಲೇ ಹ್ಯಾಮರ್ ಬಡಿಯುವ) ರಿಗ್ಗೇ ಸರಿ. ಕಂಪ್ರೆಸರ್ ಗಾಳಿ ರಾಡ್ ಒಳಗಿಂದ ಇಳಿದು ತಳದ ಹ್ಯಾಮರ್‌ನ ಪಿಸ್ಟನ್ ಬಡಿಸುತ್ತದೆ. ಅದೇ ಗಾಳಿ ರಾಡ್ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಪುಡಿಯನ್ನು ಮೇಲಕ್ಕೆ ಎತ್ತುತ್ತದೆ. ಆರೂವರೆ ಇಂಚಿನ, ಅಂದರೆ 165 ಮಿ.ಮೀ. ತೂತು, 114 ಮಿ.ಮೀ. ರಾಡ್, 1000 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಇದ್ದರೆ ಸಂದಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 42 ಮೀಟರ್. ಪುಡಿ ಎತ್ತಲು 15ರಿಂದ 25 ಸಾಕು. ಅದೇ ರಾಡ್, ಅದೇ ಕಂಪ್ರೆಸರ್‌ನಲ್ಲಿ ಹತ್ತು ಇಂಚು ಕೊರೆಯಲು ಹೋದರೆ ವೇಗ 12ಕ್ಕೆ ಇಳಿಯುತ್ತದೆ. ಪುಡಿ ಮೇಲೆ ಬರದೆ ಹ್ಯಾಮರ್ ತಲೆಯ ಮೇಲೇ ಕೂರುತ್ತದೆ, ರಾಡ್ ಸಿಕ್ಕಿಕೊಳ್ಳುತ್ತದೆ. ದೊಡ್ಡ ಬೋರ್ ಬೇಕೆಂದರೆ ಫೋಮ್ ಹಾಕಬೇಕು, ಇಲ್ಲವೇ ದೊಡ್ಡ ಕಂಪ್ರೆಸರ್ ತರಿಸಬೇಕು.

ನೀರು ಸಿಕ್ಕಮೇಲೆ ಇನ್ನೊಂದು ಲೆಕ್ಕ. ನಿಂತ ನೀರು ಅಡಿಗೆ 0.43 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತುತ್ತದೆ. 600 ಅಡಿ ನೀರು ನಿಂತ ಬೋರಿನ ತಳದಲ್ಲಿ 260 ಪಿಎಸ್‌ಐ ಎದುರೊತ್ತಡ ಇರುತ್ತದೆ. 300 ಪಿಎಸ್‌ಐ ಕಂಪ್ರೆಸರ್‌ಗೆ ಅಲ್ಲಿ ಹ್ಯಾಮರ್ ಬಡಿಸಲು ಹೆಚ್ಚೇನೂ ಉಳಿಯುವುದಿಲ್ಲ. ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡುವಾಗ ರಾಡ್ ಒಮ್ಮೆಲೇ ತಳಕ್ಕೆ ಇಳಿಸದೆ, ಇನ್ನೂರು ಅಡಿಗೊಮ್ಮೆ ನಿಂತು ಗಾಳಿ ಬಿಟ್ಟು ನೀರು ಹೊರಹಾಕುತ್ತಾ ಇಳಿಸುವುದು ಇದಕ್ಕೇ.

ಇಷ್ಟಾದರೂ ಬೋರ್ ಕೆಡುವುದು ಕಲ್ಲಿನಲ್ಲಿ ಕಡಿಮೆ. ಮಣ್ಣು ಮುಗಿದು ಕಲ್ಲು ಶುರುವಾಗುವ ಜಾಗದಲ್ಲೇ ಹೆಚ್ಚು. ಅಗಲದ ಬಿಟ್‌ನಲ್ಲಿ (ಕೊರೆಯುವ ತುದಿ) ಮೇಲ್ಮಣ್ಣು ಕೊರೆದು, ಕೇಸಿಂಗ್ ಇಳಿಸಿ, ಅದರೊಳಗಿಂದ ಆರೂವರೆ ಇಂಚಿನ ಬಿಟ್ ಬಿಡುವುದು ಕ್ರಮ. ಕೇಸಿಂಗ್ ಕಾಲು ಗಟ್ಟಿ ಕಲ್ಲಿನೊಳಗೆ ಎರಡು ಮೂರು ಅಡಿ ಊರಿರಬೇಕು. ಗುಂಡುಕಲ್ಲಿನ ಮೇಲೆ ನಿಲ್ಲಿಸಿದರೆ ಕೆಳಗಿನ ಗರಸು ಸಡಿಲವಾಗಿ ಜರಿಯುತ್ತದೆ. ಅವತ್ತೇ ಗೊತ್ತಾಗುವುದಿಲ್ಲ, ಒಂದೆರಡು ಮಳೆಗಾಲ ಕಳೆದು ಪಂಪ್ ಮೇಲೆತ್ತಲು ಹೋದಾಗ ಮೋಟಾರ್ ಕೆಸರಿನಲ್ಲಿ ಹೂತಿರುತ್ತದೆ. ಗುಂಡೋ ಬಂಡೆಯೋ ತಿಳಿಯಲು ಕಲ್ಲು ಸಿಕ್ಕಮೇಲೂ ಹತ್ತು ಹದಿನೈದು ಅಡಿ ಕೊರೆದು, ಬಂದ ಪುಡಿಯನ್ನು ಜರಡಿಯಲ್ಲಿ ತೊಳೆದು ಅಂಗೈ ಮೇಲೆ ಹಾಕಿ ನೋಡಬೇಕು. ಚಕ್ಕೆ ಕಂದು ಬಣ್ಣದ್ದಾಗಿ ಉಗುರಿಗೆ ಉದುರಿದರೆ ಇನ್ನೂ ಕೊಳೆತ ಕಲ್ಲು. ಬೂದು ಬಣ್ಣ, ಚೂಪು ಅಂಚು, ಒಂದೇ ಸಮ ಸದ್ದು ಇದ್ದರೆ ಬಂಡೆ. ಬಂಡೆಯ ಆಳದಲ್ಲಿ ಮತ್ತೆ ಒಂದು ಮೈ ಮಾತ್ರ ತುಕ್ಕು ಹಿಡಿದಂಥ ಚಕ್ಕೆ ಬಂದರೆ ಖುಷಿಪಡಿ, ಅದು ನೀರು ಹರಿದ ಗ್ಯಾಪ್‌ನ, ಅಂದರೆ ಬಿರುಕಿನ, ಗುರುತು.

ಕರಾವಳಿಯ ಮುರಕಲ್ಲು (ಜಂಬಿಟ್ಟಿಗೆ) ಇನ್ನೂ ಮೋಸ ಮಾಡುತ್ತದೆ. ಮೇಲೆ ಗಟ್ಟಿ, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ತಾಗಿದರೆ ಅಂಬಲಿಯಂತೆ ಹರಿಯುತ್ತದೆ. ಮುರಕಲ್ಲಿಗೇ ಕೇಸಿಂಗ್ ನಿಲ್ಲಿಸಿ ದುಡ್ಡು ಉಳಿಸಿದರೆ ಬೋರ್ ಹೋಯಿತೆಂದೇ ಲೆಕ್ಕ. ಶೇಡಿ ದಾಟಿ ಕೆಳಗಿನ ಕಲ್ಲು ಮುಟ್ಟುವವರೆಗೆ ಪೈಪು ಇಳಿಯಲೇಬೇಕು.

ವಿಜಯಪುರ, ಬೀದರ್ ಕಡೆಯ ಕಪ್ಪುಕಲ್ಲಿಗೂ ಡಿಟಿಎಚ್ಚೇ. ಆದರೆ ಕಲ್ಲಿನ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ ಬರುತ್ತದೆ. ನೆನೆದು ಉಬ್ಬಿ ಉದುರುವ ಈ ಪಟ್ಟಿ ಇರುವುದು ಕೇಸಿಂಗ್‌ಗಿಂತ ಎಷ್ಟೋ ಕೆಳಗೆ. ಅಲ್ಲಿ ಒಳಗೊಂದು ಸಣ್ಣ ಪೈಪು ಇಳಿಸಿ, ನೀರಿನ ಮಟ್ಟಗಳಲ್ಲಿ ಮಾತ್ರ ಸೀಳು ಬಿಡಬೇಕು. ಶಹಾಬಾದಿನ ಸುಣ್ಣಕಲ್ಲಿನಲ್ಲಿ ಪೊಳ್ಳು ಸಿಕ್ಕರೆ ಗಾಳಿ ಅದರೊಳಗೆ ಹೋಗಿ ಪುಡಿ ಮೇಲೆ ಬರುವುದೇ ನಿಲ್ಲುತ್ತದೆ. ಆಗ ಕೊರೆಯುವುದನ್ನು ನಿಲ್ಲಿಸಿ ರಾಡ್ ಎತ್ತಬೇಕು, ಹಟ ಮಾಡಿದರೆ ಹ್ಯಾಮರ್ ಅಲ್ಲೇ ಉಳಿಯುತ್ತದೆ.

ಮರಳು ನೆಲಕ್ಕೆ ಡಿಟಿಎಚ್ ತರಲೇಬೇಡಿ. ಗಾಳಿ ಬಿಟ್ಟಷ್ಟೂ ಮರಳು ಜರಿಯುತ್ತದೆ. ಅಲ್ಲಿಗೆ ಕೆಸರು ಹಾಕಿ ಕೊರೆಯುವ ರೋಟರಿ ರಿಗ್ ಬೇಕು. ಸಾವಿರ ಲೀಟರ್ ನೀರಿಗೆ ಸುಮಾರು 50 ಕೆ.ಜಿ. ಬೆಂಟೊನೈಟ್, ಅಂದರೆ ನೀರಿನಲ್ಲಿ ಉಬ್ಬುವ ಜೇಡಿಮಣ್ಣು. ಕೆಸರು ಎಷ್ಟು ಮಂದ ಅಂತ ಅಳೆಯುವ ಮಾರ್ಶ್ ಆಲಿಕೆಯಲ್ಲಿ ಒಂದು ಕ್ವಾರ್ಟ್ (ಲೀಟರಿಗೆ ತುಸು ಕಡಿಮೆ) ಬರಿ ನೀರು ಇಳಿಯಲು 26 ಸೆಕೆಂಡು, ಕೆಸರು 35ರಿಂದ 40 ಸೆಕೆಂಡು ಹಿಡಿಯಬೇಕು. ಆ ಕೆಸರಿನ ಭಾರವೇ ಗೋಡೆಯನ್ನು ಹಿಡಿದಿಟ್ಟಿರುತ್ತದೆ. ಸೀಳು ಪೈಪು, ಸುತ್ತ ಜಲ್ಲಿ ಇಳಿಸಿದಮೇಲೆ ಕೆಸರನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ನೀರಿನ ದಾರಿಯೇ ಮುಚ್ಚಿಹೋಗುತ್ತದೆ. ಬಂಡೆಯ ಸಣ್ಣ ಗ್ಯಾಪ್‌ಗಳಿಗೆ ಕೆಸರು ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಗುಂಡುಕಲ್ಲು, ಮರಳು ಬೆರೆತ ಹೊಳೆದಂಡೆಗೆ ಕೊರೆಯುತ್ತಲೇ ಕಬ್ಬಿಣದ ಕೇಸಿಂಗ್ ಎಳೆದುಕೊಂಡು ಇಳಿಯುವ ಒಡೆಕ್ಸ್ ಇದೆ. ಖರ್ಚು ಜಾಸ್ತಿ, ಎಲ್ಲರ ಬಳಿಯೂ ಇರುವುದಿಲ್ಲ.

ರಿಗ್ ಬಂದ ದಿನ ಬಿಟ್‌ಗೆ ವರ್ನಿಯರ್ ಹಿಡಿದು ಅಗಲ ಅಳೆಯಿರಿ. ತೇದ ಬಿಟ್ ಕೊರೆದ ತೂತಿಗೆ ನಡುವೆ ಹೊಸ ಬಿಟ್ ಬಿಟ್ಟರೆ ಅದು ಸಿಕ್ಕಿಕೊಳ್ಳುತ್ತದೆ. ಹೊಸದು ಮೊದಲು, ತೇದದ್ದು ಆಮೇಲೆ.

'ಎರಡಿಂಚು ನೀರು' ಅನ್ನುವುದು ವಿ-ನಾಚ್‌ನಲ್ಲಿ (ನೀರು ಅಳೆಯಲು V ಆಕಾರದಲ್ಲಿ ಕತ್ತರಿಸಿದ ತಗಡು) ನೀರು ನಿಂತ ಎತ್ತರ. 90 ಡಿಗ್ರಿ ನಾಚ್‌ನಲ್ಲಿ ಎರಡಿಂಚೆಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ನಾಲ್ಕಿಂಚೆಂದರೆ ನಾಲ್ಕೂವರೆ ಲೀಟರ್. ಎತ್ತರ ಇಮ್ಮಡಿಯಾದರೆ ನೀರು ಐದೂವರೆ ಪಟ್ಟು ದಾಟುತ್ತದೆ, ಆದ್ದರಿಂದ ಕಾಲಿಂಚು ತಪ್ಪಿ ಓದಿದರೂ ಪಂಪ್ ಆಯ್ಕೆ ತಪ್ಪುತ್ತದೆ.

ನೀರು ಬರದಿದ್ದರೆ ಕೇಸಿಂಗ್ ಕಿತ್ತು ಇನ್ನೊಂದು ಕಡೆ ಹಾಕುವುದು ರೂಢಿ. ಕಿತ್ತ ತೂತಿಗೆ ಮೇಲೊಂದು ಚಪ್ಪಡಿ ಎಳೆದು ಬಿಡುವಂತಿಲ್ಲ, ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 500 ಅಡಿಯ ಆರೂವರೆ ಇಂಚಿನ ಬೋರಿಗೆ ಬೇಕಾಗುವುದು ಮೂರೂಕಾಲು ಘನ ಮೀಟರ್, ಒಂದು ಟ್ರ್ಯಾಕ್ಟರ್ ಲೋಡಿಗಿಂತ ತುಸು ಹೆಚ್ಚು. ರಿಗ್ ಹೊರಡುವ ಮುಂಚೆಯೇ ಆ ಲೋಡು ಜಮೀನಿಗೆ ಬಂದು ಬಿದ್ದಿರಲಿ.