ಹೂತರೆ ಎತ್ತುವವರು ಎಷ್ಟು ಜನ?

ಮಲ್ಪೆಯ ದಕ್ಕೆಯ ಬಳಿ ದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಹಿರಿಯರೊಬ್ಬರು ಕಳೆದ ಭಾನುವಾರ ನನ್ನ ಅಳಿಯನಿಗೆ ಈ ಪ್ರಶ್ನೆ ಕೇಳಿದರು. ತುಳುವಿನಲ್ಲಿ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ಕೇಳಿದರು. ವಾರವಿಡೀ ಅದು ನನ್ನ ತಲೆಯಿಂದ ಇಳಿದಿಲ್ಲ.

ಅಳಿಯ ಎಂದರೆ ಅಕ್ಕನ ಮಗ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಲಸ. ರಜೆಗೆ ಬಂದವನ ಬಾಯಲ್ಲಿ ಹಿಮದ ಮೇಲೆ ಓಡಿಸುವ ಗಾಡಿ, ಸ್ನೋಮೊಬೈಲ್ ಬಿಟ್ಟರೆ ಬೇರೆ ಮಾತಿಲ್ಲ. ರೆವೆಲ್‌ಸ್ಟೋಕ್ ಕಡೆಯ ಬೆಟ್ಟಗಳಲ್ಲಿ, ದಾರಿಯೇ ಇಲ್ಲದ ಹೊಸ ಹಿಮದಲ್ಲಿ ಓಡಿಸುವ ಗೆಳೆಯರು ಸಿಕ್ಕಿದ್ದಾರೆ. ಈ ಚಳಿಗಾಲಕ್ಕೆ ಸ್ವಂತದ್ದೊಂದು ಬೇಕಂತೆ. ಮಾರಾಟಕ್ಕಿದ್ದ ಎರಡು ಹಳೆಯ ಗಾಡಿಗಳ ಚಿತ್ರ ಮೊಬೈಲ್‌ನಲ್ಲಿತ್ತು. ಒಂದು ಇಬ್ಬರು ಆರಾಮಾಗಿ ಕೂರುವ ಫೋರ್ ಸ್ಟ್ರೋಕ್ ಟೂರಿಂಗ್ ಗಾಡಿ, ತೂಕ ಮುನ್ನೂರು ಕಿಲೋ ಆಸುಪಾಸು. ಇನ್ನೊಂದು ಬೆಟ್ಟಕ್ಕೆಂದೇ ಮಾಡಿದ 850 ಸಿಸಿಯ ಟು ಸ್ಟ್ರೋಕ್, ಇನ್ನೂರು ಕಿಲೋ ಆಚೀಚೆ. ಮೊದಲನೆಯದು ಅಗ್ಗ. ಭಾವನ ಒಲವೂ ಅದರ ಕಡೆಗೇ. ಭಾವ ಗಲ್ಫ್‌ನಲ್ಲಿ ದೊಡ್ಡ ಗಾಡಿಗಳ ನಡುವೆ ಬದುಕಿ ಬಂದವರು. ಭಾರವಿದ್ದರೆ ಗಟ್ಟಿ ಎಂಬುದು ಅವರ ನಂಬಿಕೆ. ಒಳ್ಳೆಯ ಮನುಷ್ಯ, ಆದರೆ ಯಂತ್ರದ ವಿಷಯದಲ್ಲಿ ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ.

ದಕ್ಕೆಯ ಹಿರಿಯರು ಎರಡೂ ಚಿತ್ರಗಳನ್ನು ದಿಟ್ಟಿಸಿ ನೋಡಿದರು. ಅಶ್ವಶಕ್ತಿ ಕೇಳಲಿಲ್ಲ, ಬೆಲೆ ಕೇಳಲಿಲ್ಲ.

"ಹೂತರೆ ಎತ್ತುವವರು ಎಷ್ಟು ಜನ?"

"ನಾವು ನಾಲ್ಕು ಜನ ಹೋಗುತ್ತೇವೆ, ಅಣ್ಣ."

"ನಾಲ್ಕು ಗಾಡಿಯೂ ನಾಲ್ಕು ಕಡೆ ಹೂತರೆ?"

ಅಳಿಯನಲ್ಲಿ ಉತ್ತರವಿರಲಿಲ್ಲ. ದೋಣಿಯನ್ನು ಮರಳಿನ ಮೇಲೆ ಎಳೆದು ಬೆಳೆದವರಿಗೆ ಮೊದಲು ಹೊಳೆಯುವುದು ಅದೇ. ಅವರು ಹಿಮ ಬೀಳುವ ಊರನ್ನು ಕಂಡವರಲ್ಲ. ಆದರೂ ಹಿಮದ ಬೆಟ್ಟ ಹತ್ತುವವನು ಯಂತ್ರವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಅವರು ಕೇಳಿದ್ದರು.

ಆ ರಾತ್ರಿ ಅಳಿಯನೊಡನೆ ಕುಳಿತು ಎರಡನ್ನೂ ತಾಳೆ ನೋಡಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಗಟ್ಟಿಯಾಗಿ ತುಳಿದ ಹಾದಿಯಲ್ಲಿ ಓಡುವ ಗಾಡಿಗಳ ಟ್ರ್ಯಾಕ್, ಅಂದರೆ ಕೆಳಗೆ ಸುತ್ತುವ ರಬ್ಬರ್ ಪಟ್ಟಿ, ಸಾಮಾನ್ಯವಾಗಿ 120ರಿಂದ 137 ಇಂಚು ಉದ್ದ. ಅದರ ಹಲ್ಲುಗಳು ಒಂದು, ಒಂದೂವರೆ ಇಂಚು. ಸೊಂಟದ ಮಟ್ಟದ ಪುಡಿ ಹಿಮದಲ್ಲಿ ಥ್ರಾಟಲ್ ಒತ್ತಿದಷ್ಟೂ ಅಂಥ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಬೆಟ್ಟದ ಗಾಡಿಗಳಾದ ಸ್ಕೀ-ಡೂ ಸಮಿಟ್, ಪೋಲಾರಿಸ್ ಆರ್‌ಎಂಕೆ ಮುಂತಾದವಕ್ಕೆ 154, 165 ಇಂಚಿನ ಟ್ರ್ಯಾಕ್, ಎರಡೂವರೆಯಿಂದ ಮೂರು ಇಂಚಿನ ಹಲ್ಲು. ಭಾರ ಹೆಚ್ಚು ಜಾಗದಲ್ಲಿ ಹರಡಿ ಗಾಡಿ ಹಿಮದ ಮೇಲೆ ತೇಲುತ್ತದೆ. ಮುಂದೆ ಹಿಮದ ಮೇಲೆ ಜಾರುವ ಎರಡು ಪಟ್ಟಿಗಳ, ಅಂದರೆ ಸ್ಕೀಗಳ, ನಡುವಿನ ಅಂತರವೂ ಕಡಿಮೆ, ಸುಮಾರು 36 ಇಂಚು. ಇಳಿಜಾರಿಗೆ ಅಡ್ಡವಾಗಿ ಸಾಗುವಾಗ ಗಾಡಿಯನ್ನು ಮೇಲ್ಬದಿಗೆ ವಾಲಿಸಿ ಟ್ರ್ಯಾಕಿನ ಅಂಚಿನ ಮೇಲೆ ನಡೆಸಬೇಕು. ಅಗಲ ಕಾಲಿನ ಗಾಡಿ ವಾಲಲು ಒಪ್ಪದೆ ಕಣಿವೆಯ ಕಡೆಗೆ ತಿರುಗುತ್ತದೆ. ಹೆದ್ದಾರಿಯಲ್ಲಿ ಯಾವುದನ್ನು ನಾವು ಸ್ಥಿರತೆ ಎಂದು ಹೊಗಳುತ್ತೇವೋ ಅದೇ ಅಲ್ಲಿ ಅಪಾಯ.

ಶಕ್ತಿಯ ಲೆಕ್ಕವೂ ಇದೆ. ಸಾವಿರ ಅಡಿ ಏರಿದಂತೆಲ್ಲ ಗಾಳಿ ತೆಳುವಾಗಿ ಸಾದಾ ಎಂಜಿನ್ ತನ್ನ ಬಲದ ಸುಮಾರು 3 ಶೇಕಡವನ್ನು ಕಳೆದುಕೊಳ್ಳುತ್ತದೆ. ಅದಕ್ಕೇ ಈಗ ಕಾರ್ಖಾನೆಯಿಂದಲೇ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಕೂಡಿಸಿದ ಟು ಸ್ಟ್ರೋಕ್‌ಗಳು ಬರುತ್ತಿವೆ. ಹೊಸಬನಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬಲವಿದ್ದಷ್ಟೂ ಹೆಚ್ಚು ಕಡಿದಾದ ಜಾಗಕ್ಕೆ ಹೋಗುತ್ತಾನೆ; ಹೂತಾಗ ಬಿಡಿಸಿಕೊಳ್ಳುವ ವಿದ್ಯೆ ಆ ಬಲದ ಜೊತೆಗೆ ಬರುವುದಿಲ್ಲ. ಹೂತ ಗಾಡಿಯ ಮುಂದಿನ ಹಿಮವನ್ನು ಸಲಿಕೆಯಿಂದ ತೆಗೆದು, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಪಕ್ಕಕ್ಕೆ ಉರುಳಿಸಿ ಇಳಿಜಾರಿನ ಕಡೆಗೆ ಮುಖ ತಿರುಗಿಸಬೇಕಂತೆ. ಇನ್ನೂರು ಕಿಲೋ ಆದರೆ ಒಬ್ಬನೇ ಒದ್ದಾಡಿ ಮಾಡಬಹುದು. ಮುನ್ನೂರಕ್ಕೆ ಜನ ಬೇಕು.

ಈ ಗಾಡಿಯ ಹುಟ್ಟಿನ ಕಥೆಯಲ್ಲೂ ಅದೇ ಸಂಕಟವಿದೆ. ಕ್ವಿಬೆಕ್‌ನ ವಾಲ್ಕೋರ್ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ 1934ರ ಚಳಿಗಾಲದಲ್ಲಿ ತೀರಿಕೊಂಡ. ಹಿಮ ತುಂಬಿದ ರಸ್ತೆಯಲ್ಲಿ ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹಿಮದ ಮೇಲೆ ಓಡುವ ವಾಹನದ ಪ್ರಯತ್ನವನ್ನು ಆ ತಂದೆ ಬಿಡಲಿಲ್ಲ. ಮೊದಲು ಏಳು ಜನರನ್ನು ಒಯ್ಯುವ ದೊಡ್ಡ ಗಾಡಿ ಮಾಡಿದರು. ಹಗುರವಾದ ಸ್ಕೀ-ಡೂ ಬಂದದ್ದು 1959ರಲ್ಲಿ. ಅಳಿಯ ಇದನ್ನು ಹೇಳುವಾಗ ಅಕ್ಕ ಎದ್ದು ಒಳಗೆ ಹೋದಳು. ಅವಳಿಗೆ ಆ ಹೊತ್ತಿಗೆ ನೆನಪಾದದ್ದು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಎಂದು ಆಮೇಲೆ ತಿಳಿಯಿತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ಸಿಕ್ಕು, ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆಯ ಯೋಧ. ಹಿಮಕುಸಿತ ಎಂದರೆ ಕನ್ನಡದ ತಾಯಂದಿರಿಗೆ ಆ ಮುಖವೇ ನೆನಪಾಗುತ್ತದೆ. ಅಕ್ಕನ ಹೆದರಿಕೆಯನ್ನು ಅಜ್ಞಾನ ಎಂದು ಭಾವ ತಳ್ಳಿಹಾಕಿದ್ದು ನನಗೆ ಸರಿಕಾಣಲಿಲ್ಲ. ಹಿಮದಡಿ ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಆಮೇಲೆ ಅದು ವೇಗವಾಗಿ ಕುಸಿಯುತ್ತದೆ. ಅಷ್ಟರಲ್ಲಿ ಹೊರಗಿನ ನೆರವು ತಲುಪುವುದು ಅಪರೂಪ. ಪಕ್ಕದಲ್ಲಿದ್ದ ಗೆಳೆಯನೇ ತೋಡಬೇಕು.

ಹೀಗೆ ಯೋಚಿಸುವಾಗ ನಮ್ಮ ಬೀದಿಯ ಮನೆಗಳೂ ಕಣ್ಣಿಗೆ ಬಂದವು. ಅಂಗಳದಲ್ಲಿ ದೊಡ್ಡ ಕಾರು, ಒಳಗೆ ಇಬ್ಬರು ವೃದ್ಧರು, ಮಕ್ಕಳು ಮೂರು ದೇಶಗಳಲ್ಲಿ. ನಡುರಾತ್ರಿ ಒಬ್ಬರು ಬಚ್ಚಲಲ್ಲಿ ಬಿದ್ದರೆ ಇನ್ನೊಬ್ಬರ ಕೈಯಲ್ಲಿ ಎತ್ತಲಾಗುವುದಿಲ್ಲ. ಕರಾವಳಿ ಮಕ್ಕಳನ್ನು ಓದಿಸಿತು, ಕಳಿಸಿತು, ಹಣವನ್ನೂ ಕಂಡಿತು. ಪಕ್ಕದ ಮನೆಯವರನ್ನು ಹೆಸರು ಹಿಡಿದು ಕೂಗುವಷ್ಟು ಬಳಕೆ ಮಾತ್ರ ಕಡಿಮೆಯಾಗುತ್ತಿದೆ. ದಕ್ಕೆಯ ಹಿರಿಯರಿಗೆ ಅದು ಇನ್ನೂ ಉಳಿದಿದೆ. ಅಲ್ಲಿ ಒಬ್ಬರು ಕೂಗಿದರೆ ಹತ್ತು ಕೈ ಬರುತ್ತವೆ.

ಬುಧವಾರ ಅಳಿಯ ಟೂರಿಂಗ್ ಗಾಡಿ ಬೇಡವೆಂದು ಸಂದೇಶ ಕಳಿಸಿದ. ಮೊದಲು ಹಿಮಕುಸಿತದ ತರಬೇತಿ, ಆಮೇಲೆ ಹೂತವನ ಜಾಗವನ್ನು ಸಂಕೇತದಿಂದ ತಿಳಿಸುವ ಟ್ರಾನ್ಸೀವರ್, ಹಿಮದಲ್ಲಿ ಚುಚ್ಚಿ ಹುಡುಕುವ ಕೋಲು, ಸಲಿಕೆ, ಗಾಡಿ ಕೊನೆಗೆ. ಹೊರಡುವ ಮುನ್ನ ಅವಲಾಂಚ್ ಕೆನಡಾ ಸಂಸ್ಥೆಯ ದಿನದ ಹಿಮಕುಸಿತ ಮುನ್ಸೂಚನೆ ನೋಡಲೇಬೇಕೆಂದು ಅಕ್ಕ ಮಾತು ತೆಗೆದುಕೊಂಡಿದ್ದಾಳೆ. ಭಾವ ಇನ್ನೂ ಮುನಿಸಿನಲ್ಲಿದ್ದಾರೆ. ಟ್ರ್ಯಾಕ್ 154 ಇಂಚಿನದೋ 165 ಇಂಚಿನದೋ ಎಂಬುದು ತೀರ್ಮಾನವಾಗಿಲ್ಲ. ನನ್ನ ಮತ 154ಕ್ಕೆ: ಹುಡುಗ ಸಣ್ಣ ಮೈಕಟ್ಟಿನವನು, ಮರಗಳ ನಡುವೆ ತಿರುಗಿಸಲು ಅದು ಸುಲಭ.