ಕಡಜ ಕಚ್ಚಿದರೆ ಸುಣ್ಣ ಹುಡುಕುತ್ತಾ ಕೂರಬೇಡಿ

ಬೇಸಿಗೆ ಬಂತೆಂದರೆ ನಮ್ಮ ರಾಯಚೂರಿನಲ್ಲಿ ನೀರು ಹುಡುಕಿಕೊಂಡು ಬರುವವರು ಮನುಷ್ಯರಷ್ಟೇ ಅಲ್ಲ. ಕೂಲರಿನ ಒದ್ದೆ ಹುಲ್ಲು, ಸೋರುವ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಎಲ್ಲಿ ತೇವ ಇದೆಯೋ ಅಲ್ಲಿ ಕಡಜ, ಜೇನುಹುಳ ಹಾಜರು. ಕಿಟಕಿ ಸಜ್ಜದ ಕೆಳಗೆ ಒಮ್ಮೆ ಬಗ್ಗಿ ನೋಡಿ. ಬೂದು ಬಣ್ಣದ, ಕಾಗದದಂಥ ಸಣ್ಣ ಗೂಡು ಒಂದೇ ಒಂದು ತೊಟ್ಟಿನಲ್ಲಿ ನೇತಾಡುತ್ತಿರಬಹುದು.

ಹೋದ ಬೇಸಿಗೆ ನಮ್ಮ ಅತ್ತಿಗೆ ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಸೀರೆ ಮಡಿಕೆಯಲ್ಲಿದ್ದ ಕಡಜ ಮುಂಗೈಗೆ ಕಚ್ಚಿತು. ಹಿಂದೆಯೂ ಒಮ್ಮೆ ಕಚ್ಚಿತ್ತು, ಆಗ ಬರೀ ಊತ, ಉರಿ. ಈ ಸಲ ಕುತ್ತಿಗೆ, ಹೊಟ್ಟೆ, ತೊಡೆ, ಎಲ್ಲ ಕಡೆ ಕೆಂಪು ದದ್ದು ಎದ್ದವು. ಅಂಗೈ ತುರಿಕೆ ಶುರುವಾಯಿತು, ತುಟಿ ದಪ್ಪಗಾಯಿತು, ದನಿ ಒಡೆಯಿತು. ಅಕ್ಕಪಕ್ಕದವರು ಓಡಿ ಬಂದರು, ಒಬ್ಬರ ಕೈಯಲ್ಲಿ ಸುಣ್ಣ, ಇನ್ನೊಬ್ಬರ ಕೈಯಲ್ಲಿ ಉಳ್ಳಾಗಡ್ಡಿ. "ಸ್ವಲ್ಪ ಮಲಗಲಿ, ತಾನೇ ಇಳೀತದ" ಎಂದರು ಎದುರು ಮನೆ ಕಾಕಿ. ಅಣ್ಣ ಯಾರ ಮಾತೂ ಕೇಳದೆ ಆಟೋ ಕರೆದ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ ಸಲೀಸಾಯಿತು.

ಕಚ್ಚಿದ ಜಾಗ ಊದುವುದು, ಉರಿಯುವುದು ಸಹಜ. ತಣ್ಣೀರು ಬಟ್ಟೆ ಸಾಕು, ತುರಿಕೆ ಜಾಸ್ತಿ ಇದ್ದರೆ ಡಾಕ್ಟರ್ ಹೇಳಿದ ಮಾತ್ರೆ. ಆದರೆ ಕಚ್ಚಿದ ಜಾಗ ಬಿಟ್ಟು ಮೈಯೆಲ್ಲಾ ದದ್ದು, ಮುಖ ತುಟಿ ನಾಲಿಗೆ ಊತ, ದಮ್ಮು, ತಲೆ ಸುತ್ತು, ವಾಂತಿ, ಹೀಗೆ ಶುರುವಾದರೆ ಅದು ಅಲರ್ಜಿ, ಜೀವಕ್ಕೇ ಬರಬಹುದು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಾಣಿಸುತ್ತದೆ. ಇದಕ್ಕೆ ಮೊದಲ ಔಷಧಿ ಅಡ್ರಿನಾಲಿನ್. ಸೆಟ್ರಿಜಿನ್ ಮಾತ್ರೆ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಗಾಡಿ ಹತ್ತಿಸಿ. ತಲೆ ಸುತ್ತಿದರೆ ಮಲಗಿಸಿ ಕಾಲು ಎತ್ತರದಲ್ಲಿಡಿ, ದಮ್ಮು ಇದ್ದರೆ ಕೂರಿಸಿ. ನಡೆಸಿಕೊಂಡು ಹೋಗಬೇಡಿ.

ಜೇನುಹುಳ ಕಚ್ಚಿದರೆ ಅದರ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ವಿಷದ ಚೀಲದ ಸಮೇತ. ಚಿಮಟಿಗೆ ಹುಡುಕುತ್ತಾ ಹೊತ್ತು ಕಳೆಯಬೇಡಿ, ಉಗುರಲ್ಲೇ ಕೆರೆದು ತೆಗೆಯಿರಿ. ಕಡಜ ಮುಳ್ಳು ಬಿಡುವುದಿಲ್ಲ, ಒಂದೇ ಕಡಜ ಎರಡು ಮೂರು ಸಲ ಕಚ್ಚಬಲ್ಲದು. ಚೇಳಿನದು ಬೇರೆ ಕಥೆ, ಅದು ವಿಷದ ಸಮಸ್ಯೆ, ಅದರಲ್ಲೂ ಮಕ್ಕಳಿಗೆ ಕಚ್ಚಿದರೆ ನೇರ ಆಸ್ಪತ್ರೆಗೇ. ತಗಣೆ ಕಡಿತಕ್ಕೆ ಕೆಲವರ ಮೈಮೇಲೆ ಸಾಲುಸಾಲಾಗಿ ದಪ್ಪ ಗಂಧೆ ಏಳುತ್ತವೆ, ತುರಿಸಿ ತುರಿಸಿ ಹುಣ್ಣಾಗುತ್ತದೆ. ಮಂಚದ ಸಂದು, ಹಾಸಿಗೆ ಹೊಲಿಗೆ ನೋಡಿ. ಬಟ್ಟೆಗಳನ್ನು ಚೆನ್ನಾಗಿ ಬಿಸಿನೀರಲ್ಲಿ ಒಗೆಯಿರಿ.

ಕಡಜ, ಜೇನುಹುಳ ಕಚ್ಚಿ ಒಮ್ಮೆ ಇಂಥ ಅಲರ್ಜಿ ಆದವರಿಗೆ ಮುಂದಿನ ಸಲವೂ ಆಗಬಹುದು. ಅದಕ್ಕೇ ಹತ್ತಿರದ ಯಾವ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಇಂಜೆಕ್ಷನ್ ಆದ ಮೇಲೂ ಕೆಲವು ಗಂಟೆ ಅಲ್ಲೇ ಇರಿ, ಕೆಲವರಿಗೆ ಮತ್ತೆ ಮರುಕಳಿಸುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಡಾಕ್ಟರಿಗೆ ಹೇಳಿ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಡ್ರಿನಾಲಿನ್ ಅಷ್ಟಾಗಿ ಹಿಡಿಯುವುದಿಲ್ಲ.