ಅಪ್ಪನ ಮೆಸೇಜು

ಇವತ್ತು ಫೇಸ್‌ಬುಕ್‌ನಿಂದ ನನ್ನ 13 ವರ್ಷದ ಫೋಟೋ, ಮೆಸೇಜು ಎಲ್ಲಾ ಇಳಿಸಿಕೊಂಡೆ. ಹೋದ ವಾರ ಗೆಳೆಯನೊಬ್ಬನ ಅಕೌಂಟು ಯಾರೋ ಕದ್ದರು, ಅವನ ಅವ್ವನ ಫೋಟೋಗಳೆಲ್ಲಾ ಅದರಲ್ಲೇ ಇದ್ದವು. ಆವತ್ತಿನಿಂದ ನನಗೂ ಒಂದೇ ದಿಗಿಲು.

ಹೀಗೆ ಇಳಿಸಿಕೊಳ್ಳೋ ದಾರಿ ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲೇ ಇದೆ, ಕಷ್ಟ ಏನಿಲ್ಲ. ತಾರೀಖು ಕೇಳುವ ಕಡೆ ಮೊದಲಿನಿಂದ ಇವತ್ತಿನವರೆಗೆ ಪೂರ್ತಿ ಆರಿಸಿ, ಫೋಟೋ ಕ್ವಾಲಿಟಿ ಹೈ ಅಂತ ಕೊಡಿ, ಫೈಲ್ ಯಾವ ಥರದ್ದು ಅಂತ ಕೇಳುವಲ್ಲಿ ಎಚ್‌ಟಿಎಂಎಲ್ ತಗೊಂಡರೆ ಬ್ರೌಸರ್‌ನಲ್ಲೇ ತೆರೆದು ಓದಬಹುದು. ಫೈಲ್ ರೆಡಿಯಾಗಲು ಟೈಮ್ ಹಿಡಿಯುತ್ತೆ, ಆದಮೇಲೆ ಕೆಲವೇ ದಿನ ಇರುತ್ತೆ, ಮರೀಬೇಡಿ.

ಮೆಸೇಜ್ ಫೋಲ್ಡರ್ ತೆರೆದೆ. ಅಪ್ಪ.

ನಾನು ಬೆಂಗಳೂರಲ್ಲಿದ್ದಾಗ ದಿನಾ ರಾತ್ರಿ ಕಳಿಸುತ್ತಿದ್ದದ್ದು ಒಂದೇ ಸಾಲು, "ಊಟ ಆತೇನ್ ತಮ್ಮಾ?" ಎಷ್ಟೋ ಸಲ ನಾನು ಉತ್ತರಾನೇ ಕೊಟ್ಟಿಲ್ಲ. ಒಂದು ದಿನ ಮಾತ್ರ ಶರಣಬಸವೇಶ್ವರ ಜಾತ್ರೆಯ ತೇರಿನ ಫೋಟೋ ಕಳಿಸಿದ್ದಾರೆ, ಮೂಲೆಯಲ್ಲಿ ಅವರ ಬೆರಳು ಅಡ್ಡ ಬಂದಿದೆ, ಮಸುಕಾಗಿ. ತೇರಿಗಿಂತ ಆ ಬೆರಳನ್ನೇ ಜಾಸ್ತಿ ಹೊತ್ತು ನೋಡಿದೆ.

ಎರಡು ಪೆನ್ ಡ್ರೈವ್‌ಗೆ ಕಾಪಿ ಮಾಡಿದ್ದೇನೆ. ಒಂದು ಅವ್ವನ ಟ್ರಂಕಿನಲ್ಲಿದೆ. ಇನ್ನೊಂದನ್ನ ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ಆಳಂದದಲ್ಲಿ ಅಕ್ಕನ ಕೈಗೆ ಕೊಟ್ಟು ಬರಬೇಕು.